ಹತ್ತು ಸಾವಿರದಾಗ ಏನೇನ್ ಬರತೈತಿ?

ಸಾವಳಗಿಯಲ್ಲಿ ನಮ್ಮಿಬ್ಬರದು ಒಂದೇ ಓಣಿ, ಇಲ್ಲಿ ಹಾಸ್ಟೆಲ್‌ನಲ್ಲಿ ಒಂದೇ ರೂಮು. ಹೋದ ದೀಪಾವಳಿಗೆ ಊರಿಗೆ ಹೊರಟಾಗ ತಲೆಯಲ್ಲಿದ್ದದ್ದು ಒಂದೇ ಕೆಲಸ: ತಮ್ಮನ ಸೈಕಲ್ಲಿಗೆ ಹೊಸ ಸಾಮಾನು ಹಾಕೂದು. ತಮ್ಮ ಅಂದ್ರೆ ನಮ್ಮಲ್ಲಿ ಒಬ್ಬನ ತಮ್ಮ, ಆದರೆ ಇಬ್ಬರಿಗೂ ತಮ್ಮನೇ.

ನಮ್ಮ ಕಡೆ ಜಾತ್ರೆಯಲ್ಲಿ ಕುಸ್ತಿ, ತೆರಬಂಡಿ ಇದ್ದ ಹಾಗೇ ಸೈಕಲ್ ರೇಸೂ ಇರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟರು ಬಹಳ. ತಮ್ಮನ ಕಣ್ಣು ವಿಜಯಪುರದ ಕ್ರೀಡಾ ಹಾಸ್ಟೆಲ್ ಆಯ್ಕೆಯ ಮೇಲಿತ್ತು. ಸೈಕಲ್ಲು ಕಡಿಮೆ ರೇಟಿನ ರೋಡ್ ಬೈಕ್, ಹಿಂದೆ 7 ಗೇರು. ನಮ್ಮ ಹತ್ತಿರ ಸ್ಕಾಲರ್‌ಶಿಪ್ಪಿನಲ್ಲಿ ಉಳಿಸಿದ ₹10,000.

ವಾರಗಟ್ಟಲೆ ವಿಡಿಯೋ ನೋಡಿ 9 ಗೇರಿನ ಕ್ಯಾಸೆಟ್, ಡಿರೇಲರ್, ಚೈನು ತರಿಸಿದೆವು. ₹6,400. ಪ್ಯಾಕೆಟ್ ಹರಿದು, ಗ್ರೀಸ್ ಹಚ್ಚಿ, ಕೂಡಿಸಲು ಹೋದರೆ ಕೂಡವಲ್ದು! ಜಮಖಂಡಿಯ ಮೆಕ್ಯಾನಿಕ್ ಕಾಕಾ ಗಾಲಿ ತಿರುವಿ ನಕ್ಕರು.

"ತಮ್ಮಾ, ನಿಮ್ಮ ಗಾಲಿದು ತಿರುಪಿನ ಫ್ರೀವೀಲ್. ಕ್ಯಾಸೆಟ್ ಕೂಡಬೇಕಂದ್ರ ಗಾಲೀನ ಬ್ಯಾರೆ ಬೇಕು, 9ರ ಲಿವರೂ ಬೇಕು. ಅದಿರ್ಲಿ, ಈ ಬ್ರೇಕ್ ರಬ್ಬರ್ ನೋಡೀರೇನು? ಗಾಜಾಗ್ಯಾವ."

ಮುಂದಿನ ಸಲ ಹಾಕಿಸ್ತೀವಿ ಕಾಕಾ ಅಂದೆವು. ಉಳಿದ ದುಡ್ಡು ಹೊಸ ಗಾಲಿಗೆ ಬೇಕಿತ್ತು. ಗ್ರೀಸ್ ಹಚ್ಚಿದ ಸಾಮಾನು ವಾಪಸ್ ಹೋಗಲಿಲ್ಲ.

ಡಿಸೆಂಬರಿನ ಒಂದು ನಸುಕು. ಕಬ್ಬಿನ ಸೀಜನ್ನು. ಇಳಿಜಾರಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಿಂತಿತ್ತು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ತಮ್ಮ ಎರಡೂ ಬ್ರೇಕ್ ಹಿಡಿದ, ಸೈಕಲ್ಲು ನಿಲ್ಲಲಿಲ್ಲ. ಕಬ್ಬಿಗೆ ಬಡಿಯುವುದನ್ನು ತಪ್ಪಿಸಲು ಹೊರಳಿಸಿ ಬಿದ್ದ. ಕೊರಳಿನ ಮೂಳೆ ಮುರಿಯಿತು. ಆಯ್ಕೆಯ ದಿನ ಅವನು ಕೈ ಜೋಳಿಗೆಯಲ್ಲಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಅವ್ವ ನಮ್ಮನ್ನು ಬೈಯಲಿಲ್ಲ. "ಇಷ್ಟ ಓದೀರಿ, ಬ್ರೇಕ್ ಮುಟ್ಟಿ ನೋಡಲಿಲ್ಲೇನ?" ಅಂದಳು, ಅಷ್ಟೇ.

ಆಮೇಲೆ ನಾವು ಲೆಕ್ಕ ಹಾಕಿದೆವು. ಮೊದಲೇ ಹಾಕಬೇಕಿತ್ತು. ತಮ್ಮ, ಸೈಕಲ್ಲು ಸೇರಿ 65 ಕೆಜಿ. ಒಳ್ಳೆಯ ಟೈರ್ ಹಾಕಿ ಉರುಳುವಿಕೆಯ ಘರ್ಷಣೆಯ ಗುಣಾಂಕ 0.008ರಿಂದ 0.005ಕ್ಕೆ ಇಳಿದರೆ ಗಂಟೆಗೆ 30 ಕಿಮೀ ವೇಗದಲ್ಲಿ ಸುಮಾರು 16 ವ್ಯಾಟ್ ಉಳಿಯುತ್ತದೆ. ನಮ್ಮ ಕ್ಯಾಸೆಟ್ ಕೂತಿದ್ದರೂ ಇಷ್ಟು ಕೊಡುತ್ತಿರಲಿಲ್ಲ. ಗೇರ್‌ಗಳ ನಡುವಿನ ಅಂತರ ಸ್ವಲ್ಪ ಕಡಿಮೆಯಾಗುತ್ತಿತ್ತು, ನೋಡಲು ಚಂದ ಇರುತ್ತಿತ್ತು. ಹಳೆಯ ಚೈನನ್ನು ಸ್ಕೇಲ್ ಇಟ್ಟು ಅಳೆದೆವು: ಪಿನ್ನಿನಿಂದ ಪಿನ್ನಿಗೆ 24 ಕೊಂಡಿಗೆ ಸರಿಯಾಗಿ 12 ಇಂಚು. ಅಂದರೆ ಅದು ಸವೆದೇ ಇರಲಿಲ್ಲ.

ಉಳಿದ ₹3,600ರಲ್ಲಿ ಎರಡು ಟೈರು, ಬ್ರೇಕ್ ರಬ್ಬರ್, ಒಳಗಿನ ಕೇಬಲ್, ಒಂದು ಹಿಂದಿನ ದೀಪ, ಎಲ್ಲಾ ಬಂದವು. ಬ್ರೇಕಿನ ಖರ್ಚು ₹700 ದಾಟಲಿಲ್ಲ. ಯುಗಾದಿಗೆ ಹೋದಾಗ ತಮ್ಮ ಓಣಿಯ ತುದಿಯಿಂದ ಜೋರಾಗಿ ಬಂದು ನಮ್ಮ ಕಾಲ ಮುಂದೆ ಗಕ್ಕನೆ ನಿಲ್ಲಿಸಿದ. "ನೋಡಣ್ಣಾ!" ಅಂದ. ಈಗ ಮುಂದಿನ ವರ್ಷದ ಆಯ್ಕೆಗೆ ತಯಾರಿ ನಡೆದಿದೆ.

ಕ್ಯಾಸೆಟ್ ನಮ್ಮ ರೂಮಿನ ಮೇಜಿನ ಮೇಲಿದೆ, ಅಸೈನ್‌ಮೆಂಟ್ ಹಾಳೆ ಹಾರದ ಹಾಗೆ. ಮಾರುವುದಿದೆ. ಬೇಕಾದವರು ಮೊದಲು ನಿಮ್ಮ ಗಾಲಿ ನೋಡಿಕೊಂಡು ಬರ್ರಿ.