ಕಡಲಿಗೆ ಹೊರಟ ಪೆಟ್ಟಿಗೆ

ನೇತ್ರಾಣಿಯಲ್ಲಿ ಡೈವ್ ಮಾಡಲು ಹೋಗುವವರಿಗೆ ತೂಕದ ಚಿಂತೆಯಿಲ್ಲ. ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಬೆಳಗಿನ ಹೊತ್ತಿಗೆ ಮುರುಡೇಶ್ವರ. ಚೀಲಗಳನ್ನು ಬಸ್ಸಿನ ಡಿಕ್ಕಿಗೆ ಹಾಕುವಾಗ ಯಾರೂ ತೂಗಿ ನೋಡುವುದಿಲ್ಲ. ಅಂಡಮಾನಿಗೆ ಹೊರಟಾಗ ಲೆಕ್ಕ ಶುರುವಾಗುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಾಧಾರಣ ಟಿಕೆಟ್ಟಿಗೆ ಹೆಚ್ಚಾಗಿ ಸಿಗುವುದು ಚೆಕ್-ಇನ್‌ಗೆ 15 ಕೆಜಿ, ಕೈಚೀಲಕ್ಕೆ 7 ಕೆಜಿ. ನೀರಿನೊಳಗೆ ಉಸಿರಾಡಲು ಬೇಕಾದದ್ದು, ನೋಡಲು ಬೇಕಾದದ್ದು, ಕಂಡದ್ದನ್ನು ಹಿಡಿದಿಡಲು ಬೇಕಾದದ್ದು, ಜೊತೆಗೆ ಉಡುವ ಬಟ್ಟೆ, ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು.

ಹೊರಡುವ ಹಿಂದಿನ ರಾತ್ರಿ ಹಾಲಿನ ತುಂಬ ಸಾಮಾನು ಹರಡಿಕೊಂಡು ಕೂತರೆ ಅಮ್ಮ ಬಂದು ನಿಲ್ಲುತ್ತಾಳೆ. "ಅಷ್ಟು ದೂರ ಹೋಗ್ತೀಯ, ಒಂದು ಡಬ್ಬಿ ಚಟ್ನಿಪುಡಿಗೆ ಜಾಗ ಇಲ್ವೇನೋ?" ಇದೆ. ಫಿನ್ಸ್‌ನಲ್ಲಿ ಪಾದ ತೂರಿಸುವ ಪೊಳ್ಳು ಸುಮ್ಮನೆ ಖಾಲಿ ಇರುತ್ತದೆ. ಒಂದರಲ್ಲಿ ಕಾಲುಚೀಲ, ಇನ್ನೊಂದರಲ್ಲಿ ಚಟ್ನಿಪುಡಿ.

ಏನನ್ನು ಬಿಟ್ಟುಹೋಗಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರು ಖಾಲಿ ಇದ್ದಾಗಲೇ ಸುಮಾರು 14 ಕೆಜಿ. ಅದೂ ಸೊಂಟಕ್ಕೆ ಕಟ್ಟುವ ಸೀಸದ ಬಟ್ಟುಗಳೂ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ಡೈವಿಂಗ್ ಕೇಂದ್ರದಲ್ಲೇ ಸಿಗುತ್ತವೆ, ಹೊರುವ ಮಾತೇ ಇಲ್ಲ. ಗಾಳಿ ತುಂಬಿಸಿಕೊಳ್ಳುವ ಜಾಕೆಟ್ಟು, ಅಂದರೆ ಬಿಸಿಡಿ, ಮೂರು ಕೆಜಿಯಷ್ಟು ತೂಗುತ್ತದೆ. ಕ್ಯಾಮೆರಾ ಜೊತೆಗೆ ಬರುವುದಾದರೆ ಈ ಜಾಕೆಟ್ಟನ್ನೂ ಅಲ್ಲೇ ಬಾಡಿಗೆಗೆ ಪಡೆಯುವುದೇ ಸರಿ ಎನ್ನುತ್ತೇನೆ. ಮಾಸ್ಕ್ ಮಾತ್ರ ನನ್ನದೇ ಇರಬೇಕು. ಇನ್ನೊಬ್ಬರ ಮುಖಕ್ಕೆ ಒಪ್ಪುವ ಮಾಸ್ಕು ನನ್ನ ಮೂಗಿನ ಪಕ್ಕದಲ್ಲಿ ನೀರು ಬಿಟ್ಟೀತು. ರೆಗ್ಯುಲೇಟರೂ ನನ್ನದೇ. 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ಟೊ ಮತ್ತು ಗಾನ್ಯಾನ್ ರೂಪಿಸಿದ ಆ ಉಪಕರಣದ ಕೆಲಸವೇ ಕೇಳಿದಾಗ ಕೇಳಿದಷ್ಟು ಉಸಿರು ಕೊಡುವುದು. ಯಾವಾಗ ಸರ್ವಿಸ್ ಆಯಿತು, ಹೇಗೆ ತೊಳೆದರು ಎಂಬುದು ನನಗೆ ಗೊತ್ತಿರಬೇಕು. ಈ ಎರಡೂ, ಡೈವ್ ಕಂಪ್ಯೂಟರೂ ಕೈಚೀಲದಲ್ಲಿ. ಚೆಕ್-ಇನ್ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ನೀರಿಗಿಳಿಯಬಹುದು.

ಕೈಚೀಲದಲ್ಲಿ ಉಳಿದ ಜಾಗವೆಲ್ಲ ಕ್ಯಾಮೆರಾದ್ದು. 1963ರಲ್ಲಿ ಬಂದ ನಿಕೊನೋಸ್ ತಾನಾಗಿಯೇ ನೀರಿಗಿಳಿಯುವ ಕ್ಯಾಮೆರಾ, ಅದಕ್ಕೆ ಬೇರೆ ಕವಚ ಬೇಕಿರಲಿಲ್ಲ. ಈಗ ನಾವು ಹೆಚ್ಚಿನವರು ನೆಲದ ಮೇಲಿನ ಕ್ಯಾಮೆರಾವನ್ನೇ ಅಲ್ಯುಮಿನಿಯಂ ಅಥವಾ ಪ್ಲಾಸ್ಟಿಕ್ ಹೌಸಿಂಗ್‌ನೊಳಗೆ ಕೂರಿಸುತ್ತೇವೆ. ಮುಂದೆ ಗಾಜಿನ ಡೋಮ್, ಎರಡು ಪಕ್ಕಕ್ಕೆ ಬೆಳಕು ಚೆಲ್ಲುವ ಸ್ಟ್ರೋಬ್. ಸ್ಟ್ರೋಬ್‌ಗಳನ್ನು ಹಿಡಿಯುವ ತೋಳುಗಳು ವೆಟ್‌ಸೂಟಿನ ಮಡಿಕೆಯಲ್ಲಿ ಕೆಳಗೆ ಹೋಗಲಿ. ಡೋಮ್ ಮಾತ್ರ ಕಣ್ಣೆದುರಿಗೇ ಇರಲಿ.

ಇಲ್ಲಿ ನಾನು ತುಸು ನಿಲ್ಲಬೇಕು. ಈ ಹೌಸಿಂಗ್‌ನ ಇಡೀ ಬದುಕು ಒತ್ತಡದ ಮೇಲೆ ನಿಂತಿದೆ. ನೆಲದ ಮೇಲೆ ನಮ್ಮನ್ನು ಒತ್ತುವುದು ಒಂದು ವಾತಾವರಣದ ಭಾರ. ನೀರಿನಲ್ಲಿ ಪ್ರತಿ 10 ಮೀಟರಿಗೆ ಅಷ್ಟೇ ಭಾರ ಮತ್ತೆ ಸೇರುತ್ತದೆ. 40 ಮೀಟರಿಗೆ ಐದು ಪಟ್ಟು. ಹೊರಗಿನ ನೀರು ಒತ್ತಿದಷ್ಟೂ ಮುಚ್ಚಳ ಬಿಗಿಯುತ್ತದೆ, ಓ-ರಿಂಗ್ ತನ್ನ ಕಚ್ಚಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಳೆಗಿಂತ ತೆಳುವಾದ ಆ ರಬ್ಬರು ಒಂದು ಕೂದಲೆಳೆಯನ್ನೂ ಸಹಿಸದು, ಇಡೀ ಸಮುದ್ರವನ್ನು ಮಾತ್ರ ತಡೆಯುತ್ತದೆ.

ವಿಮಾನ ಮೇಲೇರಿದಾಗ ಇದೆಲ್ಲ ತಿರುಗುಮುರುಗು. ಕ್ಯಾಬಿನ್ನಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಗಾಳಿಯಷ್ಟು ತೆಳ್ಳಗಾಗುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕೂ ಮೇಲೋ ನಿಂತ ಹಾಗೆ. ಮನೆಯಲ್ಲೇ ಮುಚ್ಚಿ ತಂದ ಹೌಸಿಂಗ್‌ನೊಳಗೆ ಮಾತ್ರ ನೆಲದ ಗಾಳಿಯೇ ಉಳಿದಿರುತ್ತದೆ. 8,000 ಅಡಿಯಲ್ಲಿ ಒಳಗೂ ಹೊರಗೂ ಕಾಲು ವಾತಾವರಣದಷ್ಟು ವ್ಯತ್ಯಾಸ. ಕೇಳಲು ಚಿಕ್ಕದು, 20 ಸೆಂಟಿಮೀಟರ್ ಉದ್ದ, 15 ಅಗಲದ ಮುಚ್ಚಳಕ್ಕೆ ಗುಣಿಸಿ ನೋಡಿ, ಸುಮಾರು 75 ಕೆಜಿ ಬಲ. ಒಬ್ಬ ದೊಡ್ಡ ಮನುಷ್ಯ ಒಳಗಿನಿಂದ ಬಾಗಿಲು ತಳ್ಳಿದಂತೆ. ಹೊರಗಿನ ಭಾರ ತಡೆಯಲೆಂದು ಮಾಡಿದ ಕೊಂಡಿಗಳಿಗೆ ಇದು ಅಪರಿಚಿತ ದಿಕ್ಕು. ಹಾರಾಟದ ನಡುವೆ ಯಾರಾದರೂ ತೆರೆದು ಮತ್ತೆ ಮುಚ್ಚಿಟ್ಟರೆ ನೆಲಕ್ಕಿಳಿದ ಮೇಲೆ ಅದೇ ಬಲ ಹೊರಗಿನಿಂದ ಒತ್ತಿ ಮುಚ್ಚಳ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಮುಖ್ಯ ಓ-ರಿಂಗನ್ನು ತೆಗೆದು ಚಿಕ್ಕ ಡಬ್ಬಿಯಲ್ಲಿ ಹಾಕಿ, ಹೌಸಿಂಗನ್ನು ಗಾಳಿಯಾಡುವಂತೆ ಬಿಟ್ಟು ಪ್ಯಾಕ್ ಮಾಡಬೇಕು. ಸ್ಟ್ರೋಬ್, ಟಾರ್ಚುಗಳ ಬ್ಯಾಟರಿ ಮುಚ್ಚಳಗಳನ್ನೂ ಸಡಿಲಿಸಬೇಕು.

ಬ್ಯಾಟರಿಗಳ ವಿಷಯದಲ್ಲಿ ನಿಯಮ ನಿಷ್ಠುರ, ಇರಬೇಕಾದ್ದೂ ಹಾಗೆಯೇ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕು ಚೆಕ್-ಇನ್ ಪೆಟ್ಟಿಗೆಗೆ ಹೋಗಕೂಡದು. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಬರುವ ವಾಟ್-ಗಂಟೆ 100ರೊಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಬಿಡಿಯಾಗಿ ಎರಡಕ್ಕಿಂತ ಹೆಚ್ಚು ಸಲ್ಲದು. ಅದಕ್ಕೂ ಮೇಲಿನದು ಪ್ರಯಾಣಿಕರಿಗೆ ನಿಷಿದ್ಧ. ಕ್ಯಾಮೆರಾದ ಬ್ಯಾಟರಿಗಳು 15ರ ಆಸುಪಾಸಿನಲ್ಲಿರುವುದರಿಂದ ತೊಂದರೆಯಿಲ್ಲ, ದೊಡ್ಡ ವಿಡಿಯೊ ದೀಪಗಳದ್ದನ್ನು ಓದಿ ನೋಡಬೇಕು. 2010ರಲ್ಲಿ ದುಬೈನಿಂದ ಹೊರಟ ಸರಕು ವಿಮಾನವೊಂದರಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಕ್ಯಾಬಿನ್ನಿನಲ್ಲಿ ಹೊಗೆ ಎದ್ದರೆ ಸಿಬ್ಬಂದಿ ನೀರು ಸುರಿದಾರು, ಕೆಳಗಿನ ಕತ್ತಲೆಯಲ್ಲಿ ಎದ್ದರೆ ಯಾರ ಕೈಗೂ ಎಟುಕದು. ಡೈವಿಂಗ್ ಟಾರ್ಚು ತಂಪಾಗಿರುವುದೇ ಸುತ್ತಲಿನ ನೀರಿನಿಂದ. ಚೀಲದೊಳಗೆ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಟ್ಟೀತು. ಅದರ ಬ್ಯಾಟರಿ ಹೊರತೆಗೆದು, ತುದಿಗಳಿಗೆ ಟೇಪು ಅಂಟಿಸುತ್ತೇನೆ.

ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ರೆಗ್ಯುಲೇಟರಿನ ಹಿತ್ತಾಳೆ ಗಂಟು, ಕೊಳವೆಗಳು, ಬ್ಯಾಟರಿಗಳ ಸಾಲು ಒಟ್ಟಿಗೆ ಕಂಡರೆ ಸಿಐಎಸ್‌ಎಫ್‌ನವರು ಕರೆಯದೆ ಇರರು. ಕರೆಯಲೇಬೇಕು, ಅದು ಅವರ ಕೆಲಸ. ಎಂದಿಗಿಂತ ಅರ್ಧ ಗಂಟೆ ಮುಂಚೆ ಹೋಗಿ, ಬಿಚ್ಚಲು ಸುಲಭವಾಗುವಂತೆ ಜೋಡಿಸಿಕೊಂಡಿದ್ದರೆ ಸಾಕು. "ಇದರಿಂದ ಉಸಿರಾಡ್ತೀರಾ ಸರ್?" ಎಂದು ಕೇಳಿದವರಿಗೆ ಫೋನಿನಲ್ಲಿದ್ದ ಕಡಲಾಮೆಯ ಚಿತ್ರ ತೋರಿಸಿದ್ದೇನೆ. ಪಕ್ಕದವರನ್ನೂ ಕರೆದು ತೋರಿಸಿದರು.

ಮರಳುವಾಗ ಒತ್ತಡದ ನಿಯಮ ನಮ್ಮ ಮೈಗೇ ಅನ್ವಯಿಸುತ್ತದೆ. ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿ ಕುಳಿತಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮುನ್ನ ಕ್ಯಾಬಿನ್ನಿನ ತೆಳುಗಾಳಿಗೆ ಏರಿದರೆ ಗುಳ್ಳೆಗಳೆದ್ದು ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ದಿನ ಇಳಿದಿದ್ದರೆ 18 ಗಂಟೆ ಕಾಯಿರಿ ಎಂಬುದು ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ಸಲಹೆ. ನಾನು ಪೂರ್ತಿ ಒಂದು ದಿನ ಬಿಡುತ್ತೇನೆ, ಜೊತೆಗಿದ್ದವರನ್ನೂ ಬಿಡಿಸುತ್ತೇನೆ.

ಆ ದಿನಕ್ಕೆ ಕೆಲಸವೂ ಇದೆ. ಹೌಸಿಂಗನ್ನು ಸಿಹಿನೀರಿನಲ್ಲಿ ನೆನೆಸಿ, ಉಪ್ಪು ಬಿಡುವಂತೆ ಗುಂಡಿಗಳನ್ನೆಲ್ಲ ಒತ್ತಿ ಒತ್ತಿ ತೊಳೆಯಬೇಕು. ವೆಟ್‌ಸೂಟು ನೆರಳಲ್ಲಿ ಒಣಗಬೇಕು. ಒದ್ದೆಯಾಗಿಯೇ ಮಡಿಸಿಟ್ಟರೆ ಅದು ಕುಡಿದ ನೀರಿಗೂ ತೂಕದ ಹಣ ತೆತ್ತಂತೆ. ಉಳಿದ ಓ-ರಿಂಗು, ಸಿಲಿಕೋನ್ ಗ್ರೀಸು, ಟೇಪುಗಳನ್ನು ಡೈವಿಂಗ್ ಕೇಂದ್ರದ ಹುಡುಗರಿಗೆ ಕೊಟ್ಟುಬರುತ್ತೇನೆ. ಬೇಕಾದ ಅಳತೆಯದು ದ್ವೀಪದಲ್ಲಿ ಸಿಕ್ಕೇ ಸಿಗುತ್ತದೆಂದು ನೆಚ್ಚುವ ಹಾಗಿಲ್ಲ. ಮುಂದಿನ ವಾರ ಬರುವ ಯಾರದೋ ಕ್ಯಾಮೆರಾಕ್ಕೆ ಅದು ಒದಗಬಹುದು.