ಟ್ರೆಮರ್: ತಾತನ ಕೈ, ತಾತನ ಸೈನು

ಇವತ್ತಿನ ಪದ ಟ್ರೆಮರ್. ಅಂದ್ರೆ ನಡುಕ.

ಲ್ಯಾಟಿನ್‌ನಲ್ಲಿ 'ಟ್ರೆಮೆರೆ' ಅಂದ್ರೆ ನಡುಗೋದು. ಅಲ್ಲಿಂದಲೇ ಟ್ರೆಮರ್ ಬಂತು, ಟ್ರೆಂಬಲ್ ಬಂತು. ನಾವು ಖುಷಿಯಾದಾಗ ಹೇಳೋ ಟ್ರೆಮೆಂಡಸ್ ಕೂಡ ಅದೇ ಮನೆಯದು! ಮೊದಲು ಅದರ ಅರ್ಥ 'ಕಂಡರೆ ನಡುಗಬೇಕು, ಅಂಥದ್ದು' ಅಂತ. ಆಮೇಲೆ 'ತುಂಬಾ ದೊಡ್ಡದು' ಆಯ್ತು, ಈಗ 'ಸಖತ್ತಾಗಿದೆ'. ನಾವೂ 'ಭಯಂಕರ ಚೆನ್ನಾಗಿದೆ' ಅಂತೀವಲ್ಲ, ಹಾಗೇ.

ನಮ್ಮಲ್ಲಿ ನಡುಕಕ್ಕೆ ಎರಡು ಬೇರು. 'ನಡುಗು' ದ್ರಾವಿಡ ಪದ, ತಮಿಳಿನಲ್ಲಿ 'ನಡುಂಗು'. 'ಕಂಪ' ಸಂಸ್ಕೃತದ್ದು. ಭೂಕಂಪ, ಕಂಪನ, ಆಯುರ್ವೇದದ ಕಂಪವಾತ ಎಲ್ಲ ಅದರಿಂದಲೇ. ಅನುಕಂಪ ಕೂಡ! 'ಅನು' ಅಂದ್ರೆ ಜೊತೆಗೆ. ಇನ್ನೊಬ್ಬರು ನಡುಗುವಾಗ ಜೊತೆಗೆ ನಡುಗೋದೇ ಅನುಕಂಪ.

ಇದನ್ನೆಲ್ಲ ಹುಡುಕೋಕೆ ಕಾರಣ ನಮ್ಮ ತಾತ. ಸಿಂಗಸಂದ್ರದಿಂದ ಸೈಕಲ್‌ನಲ್ಲಿ ಹೋಗಿ, ಹೊಸೂರು ರೋಡಿನ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಲೇತ್ ಮಷಿನ್ ನಡೆಸಿದ ಕೈ ಅವರದು. ಈಗ ಕಾಫಿ ಲೋಟ ಎತ್ತಿದರೆ ನಡುಗುತ್ತೆ, ತೊಡೆ ಮೇಲಿಟ್ಟರೆ ನಿಲ್ಲುತ್ತೆ. ಡಾಕ್ಟರ್ ಬರೆದಿದ್ದು 'ಎಸೆನ್ಶಿಯಲ್ ಟ್ರೆಮರ್'. ಬಿಕಾಂ ಓದೋ ನನಗೆ ಎಸೆನ್ಶಿಯಲ್ ಅಂದ ತಕ್ಷಣ ನೆನಪಾಗೋದು 1955ರ ಅಗತ್ಯ ವಸ್ತುಗಳ ಕಾಯ್ದೆ. ನಡುಕ ಯಾರಿಗಪ್ಪಾ ಅಗತ್ಯ? ವೈದ್ಯರ ಭಾಷೇಲಿ ಅರ್ಥ ಬೇರೆ: ಇನ್ನೊಂದು ಕಾಯಿಲೆಯಿಂದ ಬಂದದ್ದಲ್ಲ, ನಡುಕವೇ ಕಾಯಿಲೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಕಾಯಿಲೆಯ ನಡುಕ ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಕೈ ಸುಮ್ಮನಿದ್ದಾಗಲೇ ಜಾಸ್ತಿ.

ನೋಡೋರಿಗೆ ಮಾತ್ರ ಎಲ್ಲ ಒಂದೇ. ಕೈ ನಡುಗಿದ್ರೆ ಹೆದರಿದ್ದಾರೆ, ಇಲ್ಲಾ ಕುಡೀತಾರೆ. ಬ್ಯಾಂಕಲ್ಲಿ ಸೈನ್ ಮ್ಯಾಚ್ ಆಗ್ತಿಲ್ಲ ಅಂತ ಮೂರು ಸಲ ಫಾರಂ ವಾಪಸ್ ಕೊಟ್ರು. ಅವರದೇ ದುಡ್ಡು, ಅವರದೇ ಹೆಸರು. ಮೂರನೇ ಸಲ ತಾತ, 'ಬಿಡು ಮಗಾ, ನನ್ನ ಸೈನೇ ನನ್ನ ಗುರುತು ಹಿಡೀತಿಲ್ಲ' ಅಂದ್ರು.

ನಿಮ್ಮನೇಲೂ ಇಂಥವರಿದ್ರೆ ಇದನ್ನ ಸೇವ್ ಮಾಡ್ಕೊಳ್ಳಿ. ವಯಸ್ಸಾಗಿ ಅಥವಾ ಕಾಯಿಲೆಯಿಂದ ಸೈನ್ ಮಾಡೋಕಾಗದ ಗ್ರಾಹಕರು ಹೆಬ್ಬೆಟ್ಟು ಒತ್ತಿ ದುಡ್ಡು ತೆಗೀಬಹುದು ಅಂತ ರಿಸರ್ವ್ ಬ್ಯಾಂಕ್ ಸೂಚನೆಯೇ ಇದೆ. ಬ್ಯಾಂಕಿಗೆ ಗೊತ್ತಿರೋ ಇಬ್ಬರು ಸಾಕ್ಷಿ ಬೇಕು. ಅವರಲ್ಲಿ ಒಬ್ಬರು ಆ ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು.

ಇದನ್ನ ಹೇಳಿದಾಗ ತಾತ ಸುಮಾರು ಹೊತ್ತು ಮಾತಾಡಲಿಲ್ಲ. ನಮ್ಮಲ್ಲಿ 'ಹೆಬ್ಬೆಟ್ಟು' ಅನ್ನೋದು ಓದು ಬರಹ ಬಾರದವರಿಗೆ ಹಾಕೋ ಬೈಗುಳ ತಾನೆ. ಏಳನೇ ಕ್ಲಾಸ್ ಪಾಸಾಗಿ, ಜೀವನವಿಡೀ ಕನ್ನಡದಲ್ಲೇ ಸೈನ್ ಹಾಕಿದ ಮನುಷ್ಯ. ಮೊದಲು ಈಗಿನ ನಡುಗೋ ಸೈನನ್ನೇ ಹೊಸ ಮಾದರಿ ಸಹಿ ಅಂತ ಕೊಟ್ಟು ನೋಡ್ತಾರಂತೆ. ಆಗದಿದ್ರೆ ಮಾತ್ರ ಹೆಬ್ಬೆಟ್ಟು.

ನೀವು ಕ್ಯೂನಲ್ಲಿ ನಿಂತಾಗ ಮುಂದಿರೋರ ಕೈ ನಡುಗ್ತಿದ್ರೆ ಕಾರಣ ಊಹಿಸೋಕೆ ಹೋಗ್ಬೇಡಿ. ಕಾಗದ ಜಾರದ ಹಾಗೆ ಒಂದು ಮೂಲೆ ಹಿಡ್ಕೊಳ್ಳಿ. ಸೈನು ಅವರೇ ಹಾಕ್ತಾರೆ.