ನೆಲದೊಳಗಿನ ಗುಡುಗು

ಗುಡುಗು ಕೇಳಿಬಂದರೆ ರೈತನು ತಲೆಯೆತ್ತಿ ಮುಗಿಲನ್ನು ನೋಡುತ್ತಾನೆ. ಆದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಜನರು ಗುಡುಗು ಕೇಳಿದರೆ ಕಾಲಕೆಳಗಿನ ನೆಲವನ್ನು ನೋಡುವಂತಾಯಿತು. ಮುಗಿಲು ತಿಳಿಯಾಗಿದ್ದರೂ ಭೂಮಿಯೊಳಗಿಂದ ಭಾರಿ ಸದ್ದು ಕೇಳಿಬರುತ್ತಿತ್ತು; ಮರುಗಳಿಗೆಯಲ್ಲಿಯೇ ಅಡುಗೆಮನೆಯ ಪಾತ್ರೆಗಳು ಅಲುಗುತ್ತಿದ್ದವು. 2021ರ ಅಕ್ಟೋಬರ್ 11ರಂದು, ನವರಾತ್ರಿಯ ದಿನಗಳಲ್ಲಿ, ರಾತ್ರಿ ಹತ್ತು ಗಂಟೆಯ ಸುಮಾರಿಗೆ 4.1 ಪ್ರಮಾಣದ ಕಂಪನವಾಯಿತು. ಜನರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿಬಂದರು. ಹಲವರು ಅಂದಿನಿಂದ ಮನೆಯ ಹೊರಗೇ ಮಲಗತೊಡಗಿದರು. ಎಷ್ಟೋ ಕುಟುಂಬಗಳು ಬಾಗಿಲಿಗೆ ಬೀಗ ಹಾಕಿ ನೆಂಟರ ಊರುಗಳಿಗೆ ಹೊರಟುಹೋದವು.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದರು; ಉಪಕರಣಗಳನ್ನು ಸ್ಥಾಪಿಸಿದರು. ಮಳೆಗಾಲದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಒತ್ತಡವನ್ನು ಉಂಟುಮಾಡುವುದರಿಂದ ಇಂಥ ಸಣ್ಣ ಕಂಪನಗಳಾಗುತ್ತವೆ. ಅವು ನೆಲದ ಮೇಲ್ಪದರದಲ್ಲಿಯೇ ಸಂಭವಿಸುವುದರಿಂದ ಸದ್ದು ದೊಡ್ಡದಾಗಿ ಕೇಳುತ್ತದೆ ಎಂಬ ವಿವರಣೆ ದೊರೆಯಿತು. ಇದು ಸಮಾಧಾನದ ಮಾತೇ ಸರಿ. ಆದರೆ ಊರಿನವರು ಕೇಳಿದ ಪ್ರಶ್ನೆ ಬೇರೆ: "ಇಂದು ರಾತ್ರಿ ಒಳಗೆ ಮಲಗಬಹುದೆ?" ಭೂಕಂಪದ ದಿನವನ್ನೂ ಗಳಿಗೆಯನ್ನೂ ಮುಂದಾಗಿ ಹೇಳಬಲ್ಲ ವಿದ್ಯೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಹಾಗಿದೆಯೆಂದು ಹೇಳುವವರು ಮಾತ್ರ ಪ್ರತಿ ಊರಿನಲ್ಲಿಯೂ ಇರುತ್ತಾರೆ!

ಆ ಪ್ರಶ್ನೆಯ ಹಿಂದೆ ಒಂದು ನೆನಪು ಇತ್ತು. ರಾಜ್ಯದ ಗಡಿಯಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ ಕಿಲ್ಲಾರಿ ಎಂಬ ಊರಿದೆ. ದಕ್ಷಿಣದ ಪ್ರಸ್ಥಭೂಮಿ ಕದಲದ ನೆಲವೆಂದೇ ಬಹುಕಾಲ ನಂಬಿಕೆಯಿತ್ತು. 1992ರಲ್ಲಿ ಕಿಲ್ಲಾರಿಯಲ್ಲಿ ಸಣ್ಣ ಕಂಪನಗಳು ಮೇಲಿಂದಮೇಲೆ ಆದವು. ಜನರು ಹೆದರಿದರು; ಬಳಿಕ ಅವು ನಿಂತವು; ಹೆದರಿಕೆಯೂ ಸವೆಯಿತು. ಗಣೇಶ ವಿಸರ್ಜನೆಯ ಉತ್ಸವ ಮುಗಿಸಿ ಜನರು ಗಾಢನಿದ್ರೆಯಲ್ಲಿದ್ದಾಗ, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, 6.2 ಪ್ರಮಾಣದ ಭೂಕಂಪವಾಯಿತು. ಸತ್ತವರ ಸಂಖ್ಯೆ 8,000ದಿಂದ 10,000ದವರೆಗೆ ಎಂದು ಲೆಕ್ಕ. 4.1ಕ್ಕೂ 6.2ಕ್ಕೂ ಇರುವ ಅಂತರ ಅಂಕಿಯಲ್ಲಿ ಅಲ್ಪವಾಗಿ ಕಾಣುತ್ತದೆ. ಹೊರಬೀಳುವ ಶಕ್ತಿಯಲ್ಲಿ ಅದು ಸಾವಿರ ಪಟ್ಟಿಗೂ ಅಧಿಕ.

ಅಲ್ಲಿ ಜನರನ್ನು ಕೊಂದದ್ದು ಮುಖ್ಯವಾಗಿ ಅವರ ಮನೆಗಳೇ. ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರವಾದ ಮಾಳಿಗೆ. ಕಲಬುರಗಿಯ ಸೀಮೆಗೂ ಇಂಥ ಮನೆ ಅಪರಿಚಿತವಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಕಲ್ಲಿಗೆ ಬರವೆ? ಶಹಾಬಾದಿನ ಫರಸಿಕಲ್ಲು ನೆಲಕ್ಕೂ ಸೈ, ಗೋಡೆಗೂ ಸೈ, ಚಾವಣಿಗೂ ಸೈ. ಅದೇ ಸುಣ್ಣಕಲ್ಲಿನಿಂದ ವಾಡಿಯಲ್ಲಿಯೂ ಸೇಡಂನಲ್ಲಿಯೂ ಸಿಮೆಂಟು ತಯಾರಾಗುತ್ತದೆ. ಬಿಸಿಲಿನ ನಾಡಿನಲ್ಲಿ ತಂಪು ಕೊಟ್ಟು ಕಾಪಾಡುವ ಕಲ್ಲು, ನೆಲ ನಡುಗಿದಾಗ ತಲೆಯ ಮೇಲಿನ ಭಾರವಾಗುತ್ತದೆ.

ಮುಂಬಯಿ–ಚೆನ್ನೈ ಮಾರ್ಗದಿಂದ ಹೈದರಾಬಾದಿನ ಹಳಿ ಕವಲೊಡೆಯುವ ವಾಡಿ ಜಂಕ್ಷನ್ನಿನ ಕಡೆಗೆ ಬರುವ ಗಾಡಿಯ ಚಾಲಕನಿಗೆ ಒಂದು ನಿಯಮವಿದೆ. ಸಿಗ್ನಲ್ಲಿನ ದೀಪ ಆರಿದ್ದರೆ ಅದನ್ನು ಕೆಂಪೆಂದೇ ತಿಳಿಯಬೇಕು. ತಿಳಿಯದಿರುವುದನ್ನು ಅಪಾಯವೆಂದು ಎಣಿಸುವ ಈ ಕ್ರಮ ಎಷ್ಟು ವಿವೇಕದ್ದು! ಆದರೆ ಗಾಡಿ ಸ್ವಲ್ಪ ಹೊತ್ತು ನಿಂತರೆ ಕೆಡುವುದು ವೇಳೆ ಮಾತ್ರ. ಅಕ್ಟೋಬರಿನಲ್ಲಿ ತೊಗರಿ ಹೊಲದಲ್ಲಿ ನಿಂತಿರುತ್ತದೆ, ಹಿಂಗಾರಿ ಜೋಳದ ಬಿತ್ತನೆಯ ಹದ ಕಾಯುವುದಿಲ್ಲ, ಹಟ್ಟಿಯಲ್ಲಿ ದನಗಳಿರುತ್ತವೆ. ರೈತನು ಎಷ್ಟು ದಿನ ನಿಲ್ಲಬಲ್ಲನು? ಊರು ಬಿಟ್ಟರೆ ಹೊಟ್ಟೆಯ ಪಾಡು, ಒಳಗೆ ಮಲಗಿದರೆ ಜೀವದ ಭಯ. ಹೊರಗೆ ಮಲಗಿದರೂ ಮಂಜು, ಮಳೆ, ಹುಳುಹುಪ್ಪಟೆಗಳ ಕಾಟ.

ಗಡಿಕೇಶ್ವಾರದಲ್ಲಿ ಅಂಥ ಮಹಾಕಂಪನ ಬರಲಿಲ್ಲ. ಹಾಗೆಂದು, ಹೊರಗೆ ಮಲಗಿದವರು ಅಂಜುಬುರುಕರೆಂದೂ ಒಳಗೆ ಮಲಗಿದವರು ಧೀರರೆಂದೂ ಈಗ ತೀರ್ಪು ಕೊಡುವುದು ಅನ್ಯಾಯ. ಅಂದು ರಾತ್ರಿ ಅವರಿಗೆ ತಿಳಿದಿದ್ದುದು ಎಷ್ಟು ಎಂಬುದನ್ನು ನೋಡಬೇಕೇ ಹೊರತು, ಇಂದು ನಮಗೆ ತಿಳಿದಿರುವುದನ್ನಲ್ಲ. ಕಂಪನ ಬರುವುದೋ ಇಲ್ಲವೋ ಎಂದು ಚರ್ಚಿಸುತ್ತ ಕುಳಿತರೆ ಬೆಳಗಾಗುತ್ತದೆ. ಬಂದರೆ ತಲೆಯ ಮೇಲೆ ಏನಿರುತ್ತದೆ ಎಂಬ ಪ್ರಶ್ನೆಗಾದರೋ ಯಾರು ಬೇಕಾದರೂ ಕತ್ತೆತ್ತಿ ನೋಡಿ ಉತ್ತರ ಹೇಳಬಹುದು.

ಊರಿನವರು ಸರ್ಕಾರದ ಮುಂದಿಟ್ಟ ಬೇಡಿಕೆಯನ್ನು ಗಮನಿಸಿದರೆ ಅವರು ಈ ಎರಡನೆಯ ಪ್ರಶ್ನೆಯನ್ನೇ ಹಿಡಿದಿದ್ದರೆಂದು ತೋರುತ್ತದೆ. ಮನೆಗಳ ಮುಂದೆ ತಗಡಿನ ಶೆಡ್ಡು ಹಾಕಿಕೊಡಿರೆಂದು ಅವರು ಕೇಳಿದರು. ಹಗಲು ಹೊಲಮನೆಗಳ ಕೆಲಸ, ರಾತ್ರಿ ತಗಡಿನ ಕೆಳಗೆ ನಿದ್ರೆ. ತಗಡು ಬೇಸಿಗೆಯಲ್ಲಿ ಕಾಯುತ್ತದೆ, ಮಳೆಯಲ್ಲಿ ಸದ್ದು ಮಾಡುತ್ತದೆ, ನಿಜ. ಆದರೆ ಅದು ಬಿದ್ದರೂ ಎತ್ತಿ ಈಚೆಗೆ ಸರಿಸಬಹುದು. ನೆಲ ಸುಮ್ಮನಾದ ಮೇಲೆ ಅದರ ಕೆಳಗೆ ದನ ಕಟ್ಟಬಹುದು, ತೊಗರಿಕಟ್ಟಿಗೆ ಒಟ್ಟಬಹುದು.